ಮಕ್ಕಳ ಸ್ಕೂಲ್ ಫೀಸ್ ಕಟ್ಟೋದಾ, ಇರೋ ಸಾಲ ತೀರಿಸೋದಾ? ಜೂನ್ ಹತ್ರ ಬಂತು, ತಲೆ ಓಡ್ತಿಲ್ಲ

ತೋಟದಮನೆ_ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಹೆಸರು ಹಾಕಲ್ಲ, ಕ್ಷಮಿಸಿ. ನಮ್ಮದು ಕೊಡಗಿನ ಸಣ್ಣ ಊರು, ಸುಂಟಿಕೊಪ್ಪ ಸಂತೇಲಿ ಒಬ್ಬರ ಕಿವಿಗೆ ಬಿದ್ರೆ ಮಧ್ಯಾಹ್ನ ಊಟದೊಳಗೆ ಮಾದಾಪುರಕ್ಕೆ ಮುಟ್ಟಿರುತ್ತೆ.

ವಿಷಯ ಇಷ್ಟು. 3 ಎಕರೆ ರೋಬಸ್ಟಾ ಕಾಫಿ, ಮಧ್ಯೆ ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು. ನಾನು ಕುಶಾಲನಗರದಲ್ಲಿ ಒಂದು ಅಂಗಡೀಲಿ ಲೆಕ್ಕ ಬರಿಯೋ ಕೆಲಸ, ತಿಂಗಳಿಗೆ 19 ಸಾವಿರ. ತೋಟ ನೋಡ್ಕೊಳ್ಳೋದು ಅಪ್ಪ. ಮಗಳು ಈ ಜೂನ್‌ಗೆ 5ನೇ ಕ್ಲಾಸು, ಮಗ 2ನೇ ಕ್ಲಾಸು, ಇಬ್ರೂ ಕುಶಾಲನಗರದಲ್ಲಿ ಪ್ರೈವೇಟ್ ಸ್ಕೂಲ್.

ಫೀಸು ಮಗಳಿಗೆ 62,000, ಮಗನಿಗೆ 54,000. ಬಸ್ಸು ಇಬ್ರಿಗೂ ಸೇರಿ 36,000. ಪುಸ್ತಕ ಯೂನಿಫಾರಂ ಶೂ ರೈನ್‌ಕೋಟು ಎಲ್ಲ ಹಿಡಿದ್ರೆ 16,000. ಒಟ್ಟು 1,68,000. ಇದಲ್ಲದೆ ಹೋದ ವರ್ಷದ್ದು 38,000 ಬಾಕಿ ಇದೆ, ಅದು ಕ್ಲಿಯರ್ ಆಗದೆ ಹೊಸ ಕ್ಲಾಸಿಗೆ ಕೂರಿಸಲ್ಲ ಅಂತ ಮೆಸೇಜ್ ಬಂದಿದೆ. ಜೂನ್ 10 ಕೊನೆ ದಿನ.

ಸಾಲ ಹೀಗಿದೆ: ಸೊಸೈಟಿ ಬೆಳೆ ಸಾಲ 2,40,000. ಬ್ಯಾಂಕಿನ ತೋಟದ ಸಾಲ ಇನ್ನೂ 4,10,000 ಬಾಕಿ. ಅವ್ವನ ಒಡವೆ ಇಟ್ಟಿದ್ದು 1,30,000. ಕೈಸಾಲ 1 ಲಕ್ಷ, ಅದು ಮೂರು ರೂಪಾಯಿ ಬಡ್ಡಿ, ಹೋದ ಜೂನ್‌ನಲ್ಲಿ ಫೀಸಿಗೆ ಅಂತಲೇ ತಗೊಂಡಿದ್ದು. ಎಲ್ಲ ಸೇರಿದ್ರೆ 8 ಲಕ್ಷದ 80 ಸಾವಿರ.

ಇದೆಲ್ಲ ಶುರುವಾಗಿದ್ದು 2018ರ ಆಗಸ್ಟ್ ಮಳೆಗೆ. ಹಟ್ಟಿಹೊಳೆ ಕಡೆ ಇದ್ದ ಒಂದೆಕರೆ ಚಿಲ್ರೆ ಜಾಗ, ಗಿಡ ಮರ ಮಣ್ಣು ಸಮೇತ ಜಾರಿ ಹೊಳೆ ಸೇರ್ತು. ಆ ವರ್ಷ ಸೊಸೈಟೀಲಿ 1 ಲಕ್ಷದ ತನಕ ಮನ್ನಾ ಆಯ್ತು ನಿಜ, ಆದ್ರೆ ಹೋದ ಜಾಗ ವಾಪಸ್ ಬರಲ್ಲವಲ್ಲ.

ಇದ್ದವರೂ ಇಲ್ಲದವರೂ ನಮ್ಮ ಕಡೆ ಎಲ್ಲರೂ ಮಕ್ಕಳನ್ನ ಹಳದಿ ಬಸ್ಸಿಗೆ ಹತ್ತಿಸ್ತಾರೆ, ನಾನೂ ಹತ್ತಿಸಿದೆ. ಈಗ ಇನ್ನೊಂದು ಲಕ್ಷ ಅದೇ ಮೂರು ರೂಪಾಯಿಗೆ ಎತ್ತಿದ್ರೆ ಜೂನ್ ದಾಟುತ್ತೆ, ಕೊಡೋರು ರೆಡಿ ಇದಾರೆ. ತಗೊಳ್ಳೋದಾ ಬೇಡವಾ? ಅನುಭವ ಇರೋರು ಹೇಳಿ. ಬೈಯೋದಿದ್ರೂ ಬೈರಿ.

ಕಾವೇರಿ_ಕಡೆಯವ

ಬೈಯಲ್ಲ ಅಣ್ಣ. ನಮ್ಮನೇಲೂ ಇದೇ ಕಥೆ, ಬರೀ ಅಂಕಿ ಬೇರೆ.

ಬೆಂಗಳೂರು_ಸೇರಿದವ

ಇನ್ಕಮ್ ಟ್ಯಾಕ್ಸ್ 80ಸಿ ಲಿ ಇಬ್ಬರು ಮಕ್ಕಳ ಟ್ಯೂಷನ್ ಫೀಸ್ ತೋರಿಸಿದ್ರೆ ಟ್ಯಾಕ್ಸ್ ಉಳಿಯುತ್ತೆ ಸರ್, ಹಳೇ ರೆಜಿಮ್ ತಗೊಳ್ಳಿ.

ಗೋಣಿಕೊಪ್ಪ_ಮೆಣಸು

19 ಸಾವಿರ ಸಂಬಳಕ್ಕೆ ಎಂತ ಟ್ಯಾಕ್ಸು ಮಾರಾಯ್ರೆ, ತೋಟದ ಆದಾಯಕ್ಕೂ ಇಲ್ಲ. ಇಲ್ಲದ ಟ್ಯಾಕ್ಸ್ ಉಳಿಸೋದು ಹೇಗೆ?

ನಿವೃತ್ತ_ಬ್ಯಾಂಕಿನವ

ನಾನು ವಿರಾಜಪೇಟೆ, ಸೋಮವಾರಪೇಟೆ ಎರಡೂ ತಾಲೂಕಲ್ಲಿ ಬ್ಯಾಂಕಲ್ಲಿದ್ದವನು, ರಿಟೈರ್ ಆಗಿ ಆರು ವರ್ಷ ಆಯ್ತು. ತಮ್ಮಾ, ನೀನು 8.80 ಲಕ್ಷ ಅಂತ ಒಟ್ಟು ಬರೆದಿದೀಯಲ್ಲ, ಸಾಲನ ಹಾಗೆ ಕೂಡ್ಸಬೇಡ. ಒಂದೊಂದು ಸಾಲಕ್ಕೂ ಒಂದೊಂದು ಬೆಲೆ.

ಸೊಸೈಟಿ ಸಾಲ ಜೀರೋ ಬಡ್ಡಿ. 2023ರ ಬಜೆಟ್ಟಲ್ಲಿ ಆ ಮಿತಿನ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ರು. ಜೀರೋ ಅನ್ನೋದು ವರ್ಷದೊಳಗೆ ಕಟ್ಟಿದ್ರೆ ಮಾತ್ರ, ಡ್ಯೂ ಡೇಟ್ ದಾಟಿದ ಮೇಲೆ ಆ ಸೌಲಭ್ಯ ಹೋಯ್ತು ಅಂತಲೇ ಲೆಕ್ಕ. ಎಲ್ಲರೂ ಮಾಡೋದೇ ಇದು, ಡ್ಯೂಗೆ ನಾಲ್ಕು ದಿನ ಮೊದಲು ಎಲ್ಲಿಂದಾದ್ರೂ ತಂದು ಕಟ್ಟಿ, ಮತ್ತೆ ಎತ್ತಿ ತಂದವರಿಗೆ ಕೊಡೋದು. ಅದು ತಪ್ಪಬಾರದು. ನಿನ್ನ ಹತ್ರ ಇರೋದ್ರಲ್ಲಿ ಅತಿ ಅಗ್ಗದ ದುಡ್ಡು ಅದೇ.

ಒಡವೆ ಸಾಲ ಬ್ಯಾಂಕಲ್ಲಾದ್ರೆ ವರ್ಷಕ್ಕೆ 9-10 ಪರ್ಸೆಂಟ್ ಬೀಳುತ್ತೆ. ಮೂರು ರೂಪಾಯಿ ಅಂದ್ರೆ ವರ್ಷಕ್ಕೆ 36 ಪರ್ಸೆಂಟ್. 1 ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000. ನೀನೇ ಮೇಲೆ ಬರೆದಿದೀಯ ನೋಡು, ಬಸ್ಸಿಗೆ ಇಬ್ರಿಗೂ ಸೇರಿ 36,000 ಅಂತ. ಇಬ್ಬರು ಮಕ್ಕಳು ಒಂದು ವರ್ಷ ಬಸ್ಸಲ್ಲಿ ಓಡಾಡೋ ದುಡ್ಡನ್ನ ಆ ಪುಣ್ಯಾತ್ಮನಿಗೆ ಕೊಟ್ಟಿದೀಯ, ಅಸಲು ಒಂದು ರೂಪಾಯಿ ಇಳಿದಿಲ್ಲ. ಇನ್ನೊಂದು ಲಕ್ಷ ತಗೊಂಡ್ರೆ ಎರಡು ಬಸ್ಸು. ಅದಕ್ಕಿಂತ ಒಡವೆ ಇಟ್ಟು ಅದನ್ನ ತೀರಿಸೋದು ಮೇಲು.

ಇನ್ನೊಂದು, ಲೈಸೆನ್ಸ್ ಇಲ್ಲದೆ ಬಡ್ಡಿ ವ್ಯವಹಾರ ಮಾಡೋ ಹಾಗೇ ಇಲ್ಲ, ಇದ್ದೋರಿಗೂ ನಮ್ಮ ರಾಜ್ಯದಲ್ಲಿ ಅಡಮಾನ ಇದ್ರೆ 14, ಇಲ್ದಿದ್ರೆ 16 ಪರ್ಸೆಂಟ್ ಮಿತಿ. ಕಂಪ್ಲೇಂಟ್ ಕೊಡು ಅಂತ ಹೇಳ್ತಿಲ್ಲ, ಊರಲ್ಲಿ ಮುಖ ಮುಖ ನೋಡಬೇಕು, ನಂಗೂ ಗೊತ್ತು. ಆದ್ರೆ ಮಾತಾಡೋವಾಗ ಈ ಅಂಕಿ ಬಾಯಲ್ಲಿರಲಿ.

ಹಾಲೇರಿ_ಹುಡುಗಿ

ಬ್ಯಾಂಕ್ ಅಂಕಲ್ ಹೇಳಿದ್ದು ಸರಿ, ಆದ್ರೆ ಒಡವೆ ಇಡಿ ಒಡವೆ ಇಡಿ ಅಂತ ಹೇಳೋದು ಸುಲಭ ನೋಡಿ. ಇಡೋದು ಯಾರ ಒಡವೆ?

ತೋಟದಮನೆ_ಸುಂಟಿಕೊಪ್ಪ

ಅಂಕಲ್, ಈ ಬಸ್ಸಿನ ಲೆಕ್ಕ ನಂಗೆ ಹೊಳೆದೇ ಇರ್ಲಿಲ್ಲ. ದಿನಾ ಇನ್ನೊಬ್ಬರ ಲೆಕ್ಕ ಬರಿಯೋನು ನಾನು.

ಅಕ್ಕ, ನೀವು ಕೇಳಿದ್ದು ಸರಿ. ಅವ್ವಂದು ಆಗ್ಲೇ ಬ್ಯಾಂಕಲ್ಲಿದೆ. ಉಳಿದಿದ್ದು ನನ್ನ ಹೆಂಡತಿ ಜೋಮಾಲೆ (ನಮ್ಮ ಕಡೆ ಹಾಕೋ ಚಿನ್ನದ ಗುಂಡಿನ ಸರ) ಮತ್ತೆ ಬಳೆ. ಜೋಮಾಲೆ ಅವಳ ಅವ್ವ ಕೊಟ್ಟಿದ್ದು. ಕೇಳಕ್ಕೆ ಬಾಯಿ ಬರ್ತಿಲ್ಲ.

ಗೋಣಿಕೊಪ್ಪ_ಮೆಣಸು

ಕಾಫಿ ಎಷ್ಟಕ್ಕೆ ಕೊಟ್ರಿ ಈ ಸಲ? 2025ರ ಜನವರಿ ಫೆಬ್ರವರೀಲಿ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ್ದು) 50 ಕೆಜಿ ಮೂಟೆ 10 ಸಾವಿರ ದಾಟಿತ್ತು, ನಮ್ಮ ಜೀವಮಾನದಲ್ಲಿ ನೋಡದ ರೇಟು. ಸಿಪ್ಪೆ ಸುಲಿದು ಒಣಗಿಸಿದ ಅರೇಬಿಕಾ ಪಾರ್ಚ್‌ಮೆಂಟಿನೋರಂತೂ ಹೊಸ ಜೀಪು ತಗೊಂಡ್ರು. 3 ಎಕರೆ ಇಟ್ಕೊಂಡು ಈ ವರ್ಷಾನೂ ಫೀಸಿಗೆ ಪರದಾಡ್ತೀರ ಅಂದ್ರೆ ಎಲ್ಲೋ ತೂತಿದೆ.

ತೋಟದಮನೆ_ಸುಂಟಿಕೊಪ್ಪ

ತೂತು ಇದೆ. ಹೇಳಕ್ಕೆ ನಾಚಿಕೆ ಆಗಿ ಮೊದಲು ಬರೆದಿರ್ಲಿಲ್ಲ. ಹೋದ ಆಗಸ್ಟ್‌ನಲ್ಲಿ ಅಪ್ಪ ವ್ಯಾಪಾರಿ ಹತ್ರ 1 ಲಕ್ಷ ಅಡ್ವಾನ್ಸ್ ತಗೊಂಡು ಮೂಟೆಗೆ 8,200 ಅಂತ ರೇಟು ಕಟ್ಟಿ ಬಿಟ್ಟಿದ್ರು, ಗೊಬ್ಬರಕ್ಕೆ ಅಂತ. 26 ಮೂಟೆ ಆಯ್ತು. ಅಂದ್ರೆ 2,13,200, ಅದ್ರಲ್ಲಿ ಒಂದು ಲಕ್ಷ ಮುರ್ಕೊಂಡು ಉಳಿದಿದ್ದು ಕೊಟ್ರು. ಕೊಯ್ಲು ಕೂಲಿ, ಸ್ಪ್ರಿಂಕ್ಲರ್‌ಗೆ ಡೀಸೆಲ್, ಬ್ಯಾಂಕಿಗೆ 60 ಸಾವಿರ, ಅಲ್ಲಿಗೆ ಖಾಲಿ. ಮೆಣಸು ಸ್ವಲ್ಪ ಇದೆ ಒಳಗೆ, 110 ಕೆಜಿ ಇರ್ಬಹುದು, ರೇಟ್ ಏರುತ್ತೆ ಅಂತ ಅಪ್ಪ ಮಾರಕ್ಕೆ ಬಿಡ್ತಿಲ್ಲ.

ಗೋಣಿಕೊಪ್ಪ_ಮೆಣಸು

ಅಯ್ಯೋ. ಮೂಟೆಗೆ 2,300 ಹೋಯ್ತು ಅಂತಿಟ್ರೂ 26 ಮೂಟೆಗೆ 60 ಸಾವಿರ ಹತ್ರ. ನಿಮ್ಮ ಮಗನ ಒಂದು ವರ್ಷದ ಫೀಸು ಬಂದು ಮೇಲೆ ಉಳೀತಿತ್ತು. ಆರು ತಿಂಗಳಿಗೆ ಒಂದು ಲಕ್ಷಕ್ಕೆ 60 ಸಾವಿರ! ಆ ಮೂರು ರೂಪಾಯಿಯವನೇ ದೇವ್ರು ಇದರ ಮುಂದೆ. ಬಡ್ಡಿ ಅಂತ ಕಾಣಲ್ಲ ನೋಡಿ, ಅದಕ್ಕೇ ನಮ್ಮ ಹಿರಿಯರು ಮೋಸ ಹೋಗೋದು. ನಮ್ಮ ತಂದೇನೂ ಹೀಗೇ, ಸೊಸೈಟೀಲಿ ಸಾಲ ಕೇಳಕ್ಕೆ ಮರ್ಯಾದೆ ಹೋಗುತ್ತೆ ಅಂತ, ವ್ಯಾಪಾರಿ ಹತ್ರ ಮಾತ್ರ ನಮ್ಮವನು ಅಂತ.

ಮೆಣಸು ಮಾರಿ. ಕೆಜಿ 650ರ ಆಸುಪಾಸು ಇದೆಯಲ್ಲ, 2015-16ರಲ್ಲಿ ಇದೇ ರೇಟಿಗೆ ಮಾರದೆ ಕಾದವರು ಆಮೇಲೆ 300ರ ಹತ್ರ ಕೊಟ್ಟಿದ್ದು ಮರ್ತೋಯ್ತಾ ಎಲ್ಲರಿಗೂ? ಸಾಲ ಇಲ್ದೋನು ಮೆಣಸು ಕಾಯ್ಬಹುದು. ನೀವು ತಿಂಗಳಿಗೆ ಮೂರು ಸಾವಿರ ಬಡ್ಡಿ ಕಟ್ಕೊಂಡು ಕಾಯ್ತಿದೀರ.

ಮೇಷ್ಟ್ರು_ಸೋಮವಾರಪೇಟೆ

ಸರ್ಕಾರಿ ಶಾಲೆ ಮೇಷ್ಟ್ರು ನಾನು. ನನ್ನ ಮಗಳೂ ಪ್ರೈವೇಟಲ್ಲೇ ಓದಿದ್ದು, ಅದನ್ನ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಯಾರೋ ಎತ್ತಿ ತೋರಿಸೋದು ಬೇಡ.

ನವೋದಯ ಯೋಚನೆ ಮಾಡಿದೀರಾ? ಗಾಳಿಬೀಡಲ್ಲಿ ಇದೆ ನಮ್ಮ ಜಿಲ್ಲೆದು. 6ನೇ ಕ್ಲಾಸಿಂದ ಊಟ ವಸತಿ ಪುಸ್ತಕ ಎಲ್ಲ ಉಚಿತ, ಸಿಬಿಎಸ್‌ಇ. 9ನೇ ಕ್ಲಾಸ್ ಮೇಲೆ ಕೆಲವರಿಗೆ ತಿಂಗಳಿಗೆ 600 ಇದೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಪರೀಕ್ಷೆ ಬರಿಯೋದು 5ನೇ ಕ್ಲಾಸಲ್ಲಿ, ಒಂದೇ ಸಲ, ಎರಡನೇ ಚಾನ್ಸ್ ಇಲ್ಲ. ಅಂದ್ರೆ ನಿಮ್ಮ ಮಗಳಿಗೆ ಇದೇ ವರ್ಷ. ಜೂನ್ ಜುಲೈ ಹೊತ್ತಿಗೆ ಅರ್ಜಿ ಬಿಡ್ತಾರೆ. ಕನ್ನಡದಲ್ಲೂ ಬರೀಬಹುದು. 80 ಪ್ರಶ್ನೆ, 100 ಮಾರ್ಕು, ಎರಡು ಗಂಟೆ.

ಈಗ ಕೇಳಿ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸೀಟಲ್ಲಿ ಕಡಿಮೆ ಅಂದ್ರೂ 75 ಪರ್ಸೆಂಟ್ ಗ್ರಾಮೀಣ ಮಕ್ಕಳಿಗೆ. ಗ್ರಾಮೀಣ ಅಂದ್ರೆ ಮನೆ ಹಳ್ಳೀಲಿ ಇದ್ರೆ ಆಗಲ್ಲ, 3, 4, 5 ಮೂರೂ ಕ್ಲಾಸು ಗ್ರಾಮಾಂತರದಲ್ಲಿರೋ ಶಾಲೇಲಿ ಪೂರ್ತಿ ಓದಿರಬೇಕು. ಅದ್ರಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೇಲಿ ಓದಿದ್ರೂ ನಗರದ ಅಭ್ಯರ್ಥಿ ಅಂತ ಲೆಕ್ಕ ಹಾಕ್ತಾರೆ. ಕುಶಾಲನಗರ ಪಟ್ಟಣ. ನಿಮ್ಮ ಮಗಳು 3, 4 ಅಲ್ಲೇ ಮುಗಿಸಿದಾಳೆ.

ತೋಟದಮನೆ_ಸುಂಟಿಕೊಪ್ಪ

ಸರ್ ಅಂದ್ರೆ ತೋಟದ ಮಧ್ಯ ಇರೋ ನಮ್ಮ ಮನೆ ಮಗು ಸಿಟಿ ಮಗು ಅಂತ ಆಗುತ್ತಾ?

ಮೇಷ್ಟ್ರು_ಸೋಮವಾರಪೇಟೆ

ಆ ಪರೀಕ್ಷೆಗೆ ಹೌದು. ಉಳಿದ ಓಪನ್ ಸೀಟಿಗೆ ಮೆರಿಟ್ ಮೇಲೆ ಬರಬೇಕು. ಬರೆಸಿ, ಖಂಡಿತ ಬರೆಸಿ, ಹೆಣ್ಣುಮಕ್ಕಳಿಗೆ ಮೂರನೇ ಒಂದು ಭಾಗ ಸೀಟೂ ಇದೆ. ಆದ್ರೆ ಅದನ್ನೇ ನಂಬ್ಕೊಂಡು ಕೂರಬೇಡಿ. ಜೊತೆಗೆ 6ನೇ ಕ್ಲಾಸಿಗೆ ಮೊರಾರ್ಜಿ ದೇಸಾಯಿ ಶಾಲೆ ಎಂಟ್ರೆನ್ಸು ಬರೆಸಿ. ಕೂಡಿಗೆ ಸೈನಿಕ ಶಾಲೆಗೂ ಈಗ ಹೆಣ್ಣುಮಕ್ಕಳನ್ನ ತಗೊಳ್ತಾರೆ, ಅಲ್ಲಿ ಫೀಸು ಕಮ್ಮಿ ಏನಲ್ಲ, ಆದಾಯ ನೋಡಿ ಸ್ಕಾಲರ್‌ಶಿಪ್ ಕೊಡ್ತಾರೆ.

ನಾನು ಹೇಳಕ್ಕೆ ಬಂದಿದ್ದು ನಿಮ್ಮ ಮಗನ ವಿಷಯ. ಅವನಿನ್ನೂ 2ನೇ ಕ್ಲಾಸು. 3ಕ್ಕೆ ಕಾಲಿಡೋ ಮೊದಲು ಸುಂಟಿಕೊಪ್ಪ ಕಡೆ ಯಾವುದಾದ್ರೂ ಶಾಲೆಗೆ ಬಂದ್ರೆ ಅವನ ಗ್ರಾಮೀಣ ಕೋಟಾ ಪೂರ್ತಿ ಉಳಿಯುತ್ತೆ. 2019ರಿಂದ ಕೆಲವು ಸರ್ಕಾರಿ ಶಾಲೇಲಿ ಇಂಗ್ಲಿಷ್ ಮೀಡಿಯಂ ಸೆಕ್ಷನ್ ಇದೆ, ನಿಮ್ಮ ಹತ್ತಿರ ಎಲ್ಲಿದೆ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಕೇಳಿ. ಬರೀ ಬೋರ್ಡ್ ನೋಡಿ ಸೇರಿಸಬೇಡಿ, ಒಂದು ದಿನ ಹೋಗಿ ಕ್ಲಾಸಲ್ಲಿ ಎಷ್ಟು ಮಕ್ಕಳಿದಾರೆ, ಎಷ್ಟು ಜನ ಟೀಚರ್ ಇದಾರೆ ನೋಡಿ. ಐದು ಕ್ಲಾಸಿಗೆ ಇಬ್ಬರೇ ಟೀಚರ್ ಇದ್ರೆ ಬೇಡ, ನಾನೇ ಹೇಳ್ತಿದೀನಿ.

ಬೆಂಗಳೂರು_ಸೇರಿದವ

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಲಿ ಪ್ರೈವೇಟಲ್ಲೇ ಫ್ರೀ ಸೀಟ್ ಸಿಗಲ್ವಾ? 25% ಇದೆಯಲ್ಲ

ಮೇಷ್ಟ್ರು_ಸೋಮವಾರಪೇಟೆ

ಅದು ಎಂಟ್ರಿ ಕ್ಲಾಸಿಗೆ ಮಾತ್ರ. ಅಲ್ದೆ ನಮ್ಮ ರಾಜ್ಯದಲ್ಲಿ 2019ರ ಸಾಲಿಂದ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಪ್ರೈವೇಟಲ್ಲಿ ಆರ್‌ಟಿಇ ಸೀಟು ಕೊಡಲ್ಲ. ಹಾಗಾಗಿ ಹೆಸರಿಗೆ ಇದೆ ಅಷ್ಟೆ.

ಹಾಲೇರಿ_ಹುಡುಗಿ

ಮಗಳನ್ನ ಪ್ರೈವೇಟಲ್ಲೇ ಬಿಟ್ಟು ಮಗನ್ನ ಸರ್ಕಾರಿಗೆ ಹಾಕೋ ಮಾತು ಇಲ್ಲೇ ಮೊದಲು ಕೇಳ್ತಿರೋದು. ನಮ್ಮ ಕಡೆ ಉಲ್ಟಾ ನಡೆಯೋದು. ನಂಗೆ ತಮ್ಮ ಮಡಿಕೇರಿ ಕಾನ್ವೆಂಟು, ನಾನು ಊರ ಶಾಲೆ. ಈಗ ಅವನ ಲ್ಯಾಪ್‌ಟಾಪ್ ಇಎಂಐ ನಾನು ಕಟ್ತಿದೀನಿ, ಬಿಡಿ, ಅದು ಬೇರೆ ಕಥೆ.

ಲೈನ್‌ಮನೆ

ನಾವು ಸಿದ್ದಾಪುರ ಕಡೆ ಎಸ್ಟೇಟ್ ಲೈನಲ್ಲಿ, ಕೂಲಿಯವರ ಸಾಲು ಮನೇಲಿ ಇರೋದು. ನೀವೆಲ್ಲ ತೋಟ ಇರೋರು ಮಾತಾಡ್ತಿದೀರ, ಮಧ್ಯೆ ಬಂದಿದ್ದಕ್ಕೆ ಬೇಜಾರಾಗ್ಬೇಡಿ. ನಮಗೆ ಸೊಸೈಟೀನೂ ಇಲ್ಲ ಆರ್‌ಟಿಸೀನೂ ಇಲ್ಲ, ಇರೋದು ವಾರದ ಕಂತಿನ ಮೈಕ್ರೋ ಫೈನಾನ್ಸ್ ಸಂಘ. ಮಗನ ಫೀಸಿಗೆ ಅಂತ ಒಂದು ಕಡೆ 40 ಸಾವಿರ ತೆಗೆದೆ, ಅದನ್ನ ಕಟ್ಟಕ್ಕೆ ಇನ್ನೊಂದು ಕಡೆ, ಹಾಗೇ ಮೂರು ಕಡೆ ಆಯ್ತು. ವಾರಕ್ಕೆ ಮೂರು ದಿನ ಯಾರಾದ್ರೂ ಒಬ್ರು ಬಾಗಿಲಿಗೆ. ಆನೆ ಬಂದ್ರೆ ಪಟಾಕಿ ಹೊಡೀಬಹುದು, ಇವರಿಗೆ ಎಂತ ಹೊಡೀದು. ಹೋದ ವರ್ಷ ಮಗನ್ನ ಬಿಡಿಸಿ ಸರ್ಕಾರಿ ಶಾಲೆಗೆ ಹಾಕಿದೆ. ಮೊದಲ ಒಂದು ತಿಂಗಳು ಅವನು ನನ್ನ ಹತ್ರ ಮಾತಾಡ್ಲಿಲ್ಲ. ಆಮೇಲೆ ಅಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡ್ತಾರೆ, ಈಗ ಭಾನುವಾರನೂ ಹೋಗ್ತೀನಿ ಅಂತಾನೆ.

ಸ್ಕೂಲಿನೋರು ಟಿಸಿ ಕೊಡಕ್ಕೆ ಬಾಕಿ ಕಟ್ಟಿ ಅಂತ ಎರಡು ತಿಂಗಳು ಅಲೆಸಿದ್ರು. ಅದು ಹುಷಾರು.

ಮೇಷ್ಟ್ರು_ಸೋಮವಾರಪೇಟೆ

ಲೈನ್‌ಮನೆಯವರೇ, ಬೇಜಾರು ಎಂತದು, ನೀವು ಹೇಳಿದ್ದೇ ಮುಖ್ಯ ವಿಷಯ. ಆರ್‌ಟಿಇ ಕಾಯ್ದೆ 5ನೇ ಸೆಕ್ಷನ್ ನೋಡಿ, ಮಗು ಶಾಲೆ ಬದಲಾಯಿಸಿ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೊರಟ್ರೆ ಮುಖ್ಯ ಶಿಕ್ಷಕರು ತಕ್ಷಣ ಟಿಸಿ ಕೊಡಬೇಕು, ಟಿಸಿ ಬರೋದು ತಡ ಆಯ್ತು ಅಂತ ಹೊಸ ಶಾಲೆ ಸೇರಿಸ್ಕೊಳ್ಳದೆ ಇರೋ ಹಾಗಿಲ್ಲ. ಬಾಯಲ್ಲಿ ಕೇಳಿದ್ರೆ ಅಲೆಸ್ತಾರೆ. ಬರೆದು ಕೊಟ್ಟು, ಒಂದು ಕಾಪಿಗೆ ಸೀಲು ಹಾಕಿಸ್ಕೊಂಡು, ಅದರ ಜೆರಾಕ್ಸ್ ಬಿಇಒಗೆ ಕೊಡಿ. ಎಸ್‌ಎಟಿಎಸ್ ನಂಬರ್ (ಮಗುವಿನ ಆನ್‌ಲೈನ್ ದಾಖಲೆ) ಹಳೇ ಶಾಲೇಲೇ ಉಳಿದಿದ್ರೂ ಬಿಇಒ ಆಫೀಸಿಂದ ಬಿಡಿಸ್ತಾರೆ. ಬಾಕಿ ಫೀಸು ನೀವು ಕೊಡಬೇಕಾದ್ದೇ, ಅದು ತಪ್ಪೋದಿಲ್ಲ, ಆದ್ರೆ ಅದಕ್ಕೆ ಮಗೂನ ಹಿಡ್ಕೊಂಡು ಕೂರೋ ಹಾಗಿಲ್ಲ.

ನಿವೃತ್ತ_ಬ್ಯಾಂಕಿನವ

ಲೈನ್‌ಮನೆ ಅಮ್ಮ, ಮನೆ ಹತ್ರ ಬಂದು ಗಲಾಟೆ ಮಾಡಿದ್ರೆ ಸುಮ್ನಿರಬೇಡಿ. 2025ರ ಫೆಬ್ರವರೀಲಿ ಮೈಕ್ರೋ ಫೈನಾನ್ಸ್ ಕಿರುಕುಳದ ಮೇಲೆ ಸುಗ್ರೀವಾಜ್ಞೆ ಬಂತು, ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಹತ್ತಿರದ ಸ್ಟೇಷನ್ನಿಗೆ ಹೋಗಿ ಆ ಕಾನೂನಿನ ಹೆಸರೇ ಹೇಳಿ.

ಕಾವೇರಿ_ಕಡೆಯವ

ಬ್ಯಾಂಕಲ್ಲೇ ಇನ್ನೊಂದು ದೊಡ್ಡ ಸಾಲ ಮಾಡಿ ಎಲ್ಲ ಕ್ಲೋಸ್ ಮಾಡೋದು ಆಗಲ್ವಾ ಅಣ್ಣ? ತೋಟ ಇದೆಯಲ್ಲ

ತೋಟದಮನೆ_ಸುಂಟಿಕೊಪ್ಪ

ಜಮ್ಮಾ ಜಾಗ, ಅಂದ್ರೆ ಇಡೀ ಕುಟುಂಬಕ್ಕೆ ಸೇರಿದ ಕೊಡಗಿನ ಹಳೇ ಹಿಡುವಳಿ. ಆರ್‌ಟಿಸೀಲಿ ಇನ್ನೂ ತಾತನ ಕಾಲದ ಪಟ್ಟೇದಾರರ ಹೆಸರು, ನಮ್ಮದು ಕೆಳಗೆ ಎಲ್ಲೋ. ಹನ್ನೊಂದು ಜನ ಸೈನ್ ಹಾಕಬೇಕು, ಅದ್ರಲ್ಲಿ ಇಬ್ರು ಮೈಸೂರು, ಒಬ್ರು ದುಬೈ, ಒಬ್ರು ನಮ್ಮ ಜೊತೆ ಮಾತೇ ಬಿಟ್ಟಿದಾರೆ. ಈಗಿರೋ ಸಾಲ ಸಿಕ್ಕಿದ್ದೇ ದೊಡ್ಡದು.

ನಿವೃತ್ತ_ಬ್ಯಾಂಕಿನವ

ಸಿಕ್ಕಿದ್ರೂ ಬೇಡ. ತೋಟದ ಮೇಲೆ ಸಾಲ ಜಾಸ್ತಿ ಆಗಿ ಕಂತು ನಿಂತ್ರೆ ಸರ್ಫೇಸಿ (ಕೋರ್ಟಿಗೆ ಹೋಗದೆ ಬ್ಯಾಂಕು ಅಡವಿಟ್ಟ ಆಸ್ತಿ ವಶಕ್ಕೆ ತಗೊಳ್ಳೋ ಕಾಯ್ದೆ) ನೋಟಿಸ್ ಬರುತ್ತೆ. ಕೃಷಿ ಜಮೀನಿಗೆ ಆ ಕಾಯ್ದೆಯಿಂದ ವಿನಾಯ್ತಿ ಇದೆ, ಆದ್ರೆ ಕಾಫಿ ತೋಟ ಪ್ಲಾಂಟೇಷನ್ನು, ಅದು ಕೃಷಿ ಜಮೀನಲ್ಲ ಅಂತ ಬ್ಯಾಂಕುಗಳ ವಾದ. ಕೊಡಗಿಂದ ಚಿಕ್ಕಮಗಳೂರು ತನಕ ಬೆಳೆಗಾರರು ಇದಕ್ಕೆ ಎಷ್ಟು ವರ್ಷದಿಂದ ಹೋರಾಡ್ತಿದಾರೆ. ಸ್ಕೂಲ್ ಫೀಸು ಕಟ್ಟಕ್ಕೆ ತೋಟನ ಅಲ್ಲಿ ತನಕ ಎಳ್ಕೊಂಡು ಹೋಗ್ಬೇಡ. ಕಂತು ಬಾಕಿ ಇದ್ರೆ ಮ್ಯಾನೇಜರ್ ಹತ್ರ ಹೋಗಿ ಮುಖ ತೋರಿಸಿ ಮಾತಾಡು. ನಾನು ಕುರ್ಚೀಲಿ ಕೂತಿದ್ದವನು, ಹೇಳ್ತೀನಿ, ಫೋನ್ ಎತ್ತದೆ ಇರೋ ಸಾಲಗಾರನ ಫೈಲೇ ಮೊದಲು ಮೇಲೆ ಬರೋದು.

ತೋಟದಮನೆ_ಸುಂಟಿಕೊಪ್ಪ

ನಾಲ್ಕು ದಿನ ಬರಕ್ಕೆ ಆಗ್ಲಿಲ್ಲ, ಮೇ ತಿಂಗಳಲ್ಲೇ ಈ ಪರಿ ಮಳೆ, ಮರ ಬಿದ್ದು ಕರೆಂಟೇ ಇರ್ಲಿಲ್ಲ. ಆಗಿದ್ದು ಬರೀತೀನಿ, ಉದ್ದ ಆಗುತ್ತೆ.

ಕರೆಂಟ್ ಇಲ್ಲದ ರಾತ್ರೀಲೇ ಮಾತಾಡಿದ್ದು. ಒಲೆ ಮುಂದೆ ಎಲ್ಲರೂ ಕೂತಿದ್ವಿ, ಮಕ್ಕಳು ಮಲಗಿದ್ರು. ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೇಲಿ ಎಲ್ಲ ಸಾಲನೂ ಒಂದರ ಕೆಳಗೆ ಒಂದು ಬರೆದು, ಪಕ್ಕದಲ್ಲಿ ವರ್ಷಕ್ಕೆ ಎಷ್ಟು ಬಡ್ಡಿ ಅಂತ ಬರೆದು ಅಪ್ಪನ ಕೈಗೆ ಕೊಟ್ಟೆ. ಅಡ್ವಾನ್ಸಿನದ್ದೂ ಬರೆದಿದ್ದೆ, 60,000 ಅಂತ. ಕನ್ನಡಕ ಹಾಕ್ಕೊಂಡು ಟಾರ್ಚ್ ಹಿಡಿದು ತುಂಬಾ ಹೊತ್ತು ನೋಡಿದ್ರು. ಬೈತಾರೆ ಅಂದ್ಕೊಂಡಿದ್ದೆ. ಎದ್ದು ಒಳಗೆ ಹೋಗಿ ಒಂದು ಬೀಡಿ ಕಟ್ಟಿನಷ್ಟು ಸಣ್ಣ ಚೀಟಿ ತಂದ್ರು, ಇನ್ನೊಬ್ಬರ ಹತ್ರ 25,000 ಕೈಸಾಲ, ನಂಗೆ ಗೊತ್ತೇ ಇಲ್ಲದ್ದು. 'ಇದನ್ನೂ ಬರಿ' ಅಂದ್ರು. ಅಷ್ಟೇ ಅವತ್ತು ಅವರು ಮಾತಾಡಿದ್ದು.

ಬೆಳಿಗ್ಗೆ ಎದ್ದು ನೋಡ್ತೀನಿ, ಮೆಣಸಿನ ಚೀಲ ಜಗಲೀಲಿ ತಂದಿಟ್ಟಿದಾರೆ. ತೂಕ 108 ಕೆಜಿ ಬಂತು, 70 ಸಾವಿರದ ಮೇಲೆ ಆಯ್ತು.

ಜೋಮಾಲೆ ನಾನು ಕೇಳ್ಲಿಲ್ಲ. ಹೆಂಡತೀನೇ ತಂದಳು. ಬ್ಯಾಂಕಲ್ಲಿ ಅಪ್ರೈಸರ್ ಒಂದೊಂದೇ ಗುಂಡು ತಿರುಗಿಸಿ ನೋಡಿ, ಒಳಗೆ ಅರಗು ತುಂಬಿರುತ್ತಲ್ಲ ಅಂತ ತೂಕದಲ್ಲಿ ಸುಮಾರು ಕಳೆದ. ಅವಳು ಆ ಕಡೆ ಈ ಕಡೆ ನೋಡ್ದೆ ತಕ್ಕಡಿ ನಂಬರನ್ನೇ ನೋಡ್ತಾ ನಿಂತಿದ್ಲು. ಬಳೆ ಸೇರಿಸಿ 1,25,000 ಆಯ್ತು. ಅಲ್ಲಿಂದ ಸೀದಾ ಹೋಗಿ ಮೂರು ರೂಪಾಯಿಯವರ 1 ಲಕ್ಷ, ಅಪ್ಪನ 25 ಸಾವಿರ ಎರಡೂ ಮುಗಿಸಿ ಪ್ರೋನೋಟು ವಾಪಸ್ ಇಸ್ಕೊಂಡ್ವಿ. ಈಗ ಇದರ ಬಡ್ಡಿ ತಿಂಗಳಿಗೆ ಸಾವಿರದ ಆಸುಪಾಸು.

ಹಾಲೇರಿ_ಹುಡುಗಿ

ಬಿಡಿಸ್ಕೊಡೋ ತಾರೀಖು ಬರೆದು ಕೊಡಿ ಅಕ್ಕನಿಗೆ. ತಮಾಷೆಗೆ ಹೇಳ್ತಿಲ್ಲ.

ತೋಟದಮನೆ_ಸುಂಟಿಕೊಪ್ಪ

ಬರೆದಿದೀನಿ, ಅದೇ ನೋಟ್‌ಬುಕ್ಕಲ್ಲಿ. ಮುಂದಿನ ಮಾರ್ಚ್.

ಸ್ಕೂಲಿನದ್ದು ಹೇಳ್ತೀನಿ. ಮಗನ್ನ ಬಿಡಿಸೋದು ಅಂತ ಆಯ್ತು. ಮೇಷ್ಟ್ರು ಹೇಳಿದ ಹಾಗೆ ಎರಡು ಶಾಲೆ ನೋಡಿದೆ, ಒಂದರಲ್ಲಿ ಟೀಚರ್ ಕಮ್ಮಿ, ಇನ್ನೊಂದರಲ್ಲಿ ಇಂಗ್ಲಿಷ್ ಸೆಕ್ಷನ್ ಇದೆ, ಮನೆಯಿಂದ ಎರಡು ಕಿಲೋಮೀಟರ್, ಅಪ್ಪ ಸ್ಕೂಟರಲ್ಲಿ ಬಿಡ್ತೀನಿ ಅಂದಿದಾರೆ. ಮಗಳಿಗೆ ಈ ಒಂದು ವರ್ಷ ಅಲ್ಲೇ ಇರ್ಲಿ, ನವೋದಯ ಮೊರಾರ್ಜಿ ಎರಡೂ ಬರೆಸ್ತೀನಿ, ಆಗ್ಲಿಲ್ಲ ಅಂದ್ರೆ ಮುಂದಿನ ಜೂನ್‌ನಲ್ಲಿ ನೋಡಣ.

ಪ್ರೈವೇಟ್ ಸ್ಕೂಲಿನ ಫೀಸ್ ಕೌಂಟರಲ್ಲಿ ಅಕೌಂಟೆಂಟ್ ಮೇಡಂ ಇದಾರೆ, ಮೂರು ವರ್ಷದಿಂದ ಅವರನ್ನ ಕಂಡ್ರೆ ನಾನು ಬೇರೆ ಗೇಟಲ್ಲಿ ಹೋಗ್ತಿದ್ದೆ. ಈ ಸಲ ಹೋಗಿ ಗ್ಲಾಸಿನ ತೂತಿಗೆ ಬಗ್ಗಿ ಹೇಳಿದೆ, ಮೇಡಂ ನನ್ನ ದುಡ್ಡು ಬರೋದು ಫೆಬ್ರವರೀಲಿ, ನೀವು ಕೇಳೋದು ಜೂನಲ್ಲಿ, ಹಳೇ ಬಾಕಿ 38,000 ಇವತ್ತೇ ಮೆಣಸಿನ ದುಡ್ಡಲ್ಲಿ ಕಟ್ತೀನಿ, ಮಗಳ 62,000ದಲ್ಲಿ 20 ಈಗ, 12 ದಸರಾಕ್ಕೆ, 30 ಕೊಯ್ಲು ಆದ್ಮೇಲೆ ಅಂತ. ಒಳಗೆ ಹೋಗಿ ಬಂದು ಬರೆದು ಕೊಡಿ ಅಂದ್ರು. ಬರೆದೆ. ಓದಿ 'ಕೊಯ್ಲು ಅಂತ ಬೇಡ, ಫೆಬ್ರವರಿ 28 ಅಂತ ಬರೀರಿ, ನಮ್ಮನೇಲೂ ಕಾಫಿನೇ, ಕೊಯ್ಲು ಏಪ್ರಿಲ್ ತನಕ ಎಳೆಯುತ್ತೆ ಅಂತ ನಂಗೆ ಗೊತ್ತು' ಅಂದ್ರು.

ಗೋಣಿಕೊಪ್ಪ_ಮೆಣಸು

ಹಹ್ಹ ಸರಿಯಾಗೇ ಹಿಡಿದ್ರು. ಡೇಟ್ ಹಾಕಿದ ಚೆಕ್ ಏನಾದ್ರೂ ಕೊಟ್ರಾ?

ತೋಟದಮನೆ_ಸುಂಟಿಕೊಪ್ಪ

ಕೇಳಿದ್ರು, ಕೊಡ್ಲಿಲ್ಲ. ಬೌನ್ಸ್ ಆದ್ರೆ ಕೋರ್ಟಿಗೆ ಅಲೀಬೇಕು, ಮಳೆ ಹೂವು ನಂಬ್ಕೊಂಡು ಚೆಕ್ ಬರಿಯೋ ಧೈರ್ಯ ಇಲ್ಲ ಅಂದೆ.

ನಿವೃತ್ತ_ಬ್ಯಾಂಕಿನವ

ಒಳ್ಳೇದು ಮಾಡ್ದೆ. ಸೊಸೈಟಿ ಡ್ಯೂ ಯಾವಾಗ?

ತೋಟದಮನೆ_ಸುಂಟಿಕೊಪ್ಪ

ಜುಲೈ 18. 2,40,000 ನಾಲ್ಕು ದಿನಕ್ಕೆ ಎಲ್ಲಿಂದ ಹೊಂದಿಸೋದು ಅಂತ ಈಗ ಅದೇ ಚಿಂತೆ. ಮಾತು ಬಿಟ್ಟಿರೋ ಚಿಕ್ಕಪ್ಪನ ಹತ್ರ ಇದೆ, ಅಪ್ಪ ನಾಳೆ ಬೆಳಿಗ್ಗೆ ಹೋಗಿ ಕೇಳ್ತೀನಿ ಅಂತ ಕೋಟಿಗೆ ಇಸ್ತ್ರಿ ಹಾಕಿಸ್ತಿದಾರೆ. ಒಂಬತ್ತು ವರ್ಷ ಆಯ್ತು ಆ ಮನೆ ಮೆಟ್ಟಿಲು ಹತ್ತಿ.